ಸಣ್ಣ ನಗರಗಳ ವಿಮಾನ ಸೇವೆ: ಉಳಿಸಿಕೊಳ್ಳುವ ಹೊಣೆ ಯಾರದು?

ತಮ್ಮ ಊರಿಗೆ ವಿಮಾನ ನಿಲ್ದಾಣ ಬೇಕೆಂದು ಮನವಿ ಸಲ್ಲಿಸುವುದರಲ್ಲಿ ವಾಣಿಜ್ಯ ಸಂಘಗಳು ಹಿಂದೆ ಬಿದ್ದಿಲ್ಲ. ಆದರೆ ಬಂದ ವಿಮಾನವನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಬೀದರ್ ಇದಕ್ಕೆ ನಿದರ್ಶನ. ಅಲ್ಲಿಂದ ಬೆಂಗಳೂರಿಗೆ 2020ರ ಫೆಬ್ರುವರಿಯಲ್ಲಿ ಆರಂಭವಾದ ಸೇವೆ ನಡುವೆ ನಿಂತು, 2022ರಲ್ಲಿ ಬೇರೊಂದು ಸಂಸ್ಥೆಯಿಂದ ಮುಂದುವರಿದು, 2023ರ ಅಂತ್ಯದಲ್ಲಿ ಪುನಃ ಸ್ಥಗಿತಗೊಂಡಿತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರದ ನೆರವಿನೊಂದಿಗೆ ಅದು ಮತ್ತೆ ಆರಂಭವಾಯಿತು.

ಸರ್ಕಾರದ ಬೆಂಬಲಕ್ಕೆ ಒಂದು ಮಿತಿಯಿದೆ. 2016ರಲ್ಲಿ ಪ್ರಕಟವಾದ 'ಉಡಾನ್' ಯೋಜನೆಯಲ್ಲಿ ವಿಮಾನ ಸಂಸ್ಥೆಯು ಸುಮಾರು ಅರ್ಧದಷ್ಟು ಆಸನಗಳನ್ನು ನಿಗದಿತ ದರಕ್ಕೆ ನೀಡಬೇಕಾಗಿತ್ತು. ಅದರಿಂದಾಗುವ ಕೊರತೆಯನ್ನು ಕೇಂದ್ರದ ನಿಧಿ ಶೇ. 80 ಹಾಗೂ ರಾಜ್ಯ ಶೇ. 20ರಂತೆ ತುಂಬಿಕೊಡುತ್ತಿದ್ದವು. ಆದರೆ ಈ ನೆರವಿನ ಅವಧಿ ಮೂರು ವರ್ಷ ಮಾತ್ರ. ಅಷ್ಟರೊಳಗೆ ಮಾರ್ಗವು ಸ್ವಂತ ಬಲದ ಮೇಲೆ ನಿಲ್ಲದಿದ್ದರೆ ಸಂಸ್ಥೆಯು ವಿಮಾನವನ್ನು ಲಾಭದ ಮಾರ್ಗಕ್ಕೆ ಒಯ್ಯುವುದು ಸಹಜ. ಅದು ವ್ಯಾಪಾರ, ನಾವು ಆಕ್ಷೇಪಿಸುವಂತಿಲ್ಲ.

ಇದೇ ಸಮಸ್ಯೆಯನ್ನು ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ನಗರದ ವರ್ತಕರು ಬೇರೆ ರೀತಿಯಲ್ಲಿ ಎದುರಿಸಿದರು. ದುಬಾರಿ ದರದಿಂದ ಬೇಸತ್ತ ಅವರು 2002ರಲ್ಲಿ ಏರ್‌ಟ್ರಾನ್ ಎಂಬ ಅಗ್ಗದ ದರದ ಸಂಸ್ಥೆಯನ್ನು ಕರೆತಂದರು. ನಗರಾಡಳಿತವು ಆದಾಯದ ಕೊರತೆ ತುಂಬುವ ಖಾತರಿ ನೀಡಿತು. ಸ್ಥಳೀಯ ಉದ್ದಿಮೆಗಳು ತಮ್ಮ ಪ್ರಯಾಣದ ಹಣವನ್ನು ಆ ಸೇವೆಗೇ ಬಳಸುವುದಾಗಿ ಮುಂಚಿತವಾಗಿ ಒಪ್ಪಿಕೊಂಡವು. ಇದು ದಾನವಲ್ಲ, ಹೇಗೂ ಮಾಡಬೇಕಾದ ವೆಚ್ಚವನ್ನು ಒಗ್ಗೂಡಿಸಿದ್ದು, ಅಷ್ಟೆ.

ನಮ್ಮಲ್ಲಿಯೂ ಇದು ಅಸಾಧ್ಯವೇನಲ್ಲ. ಉದಾಹರಣೆಗೆ, 50 ಆಸನಗಳ ವಿಮಾನವೊಂದು ದಿನಕ್ಕೊಮ್ಮೆ ಹೋಗಿ ಬಂದರೆ ತಿಂಗಳಿಗೆ 3,000 ಆಸನಗಳಾಗುತ್ತವೆ. 60 ಉದ್ದಿಮೆಗಳು ತಲಾ ನಾಲ್ಕು ಬಾರಿ ಹೋಗಿ ಬರುವ ಟಿಕೆಟುಗಳನ್ನು ಕೊಂಡರೆ 480 ಆಸನಗಳು, ಅಂದರೆ ಶೇ. 16ರಷ್ಟು ಭರ್ತಿಯಾಗುತ್ತವೆ. ಹನಿಗೂಡಿದರೆ ಹಳ್ಳ.

ಇದಕ್ಕಾಗಿ ಸಂಘಗಳು ಮಾಡಬೇಕಾದುದು ಮೂರು. ಮೊದಲನೆಯದಾಗಿ, ಸದಸ್ಯರು ಎಲ್ಲಿಗೆ, ಯಾವ ದಿನ, ಎಷ್ಟು ಬಾರಿ ಪ್ರಯಾಣಿಸುತ್ತಾರೆಂಬ ಲೆಕ್ಕ ಸಂಗ್ರಹಿಸಬೇಕು. ಎರಡನೆಯದಾಗಿ, ಕನಿಷ್ಠ ಟಿಕೆಟು ಖರೀದಿಗೆ ಲಿಖಿತ ಒಪ್ಪಿಗೆ ಪಡೆಯಬೇಕು. ಮೂರನೆಯದಾಗಿ, ವೇಳಾಪಟ್ಟಿಯ ಬಗ್ಗೆ ವಿಮಾನ ಸಂಸ್ಥೆಯೊಡನೆ ಚರ್ಚಿಸಬೇಕು. ಬೆಳಿಗ್ಗೆ ಹೋಗಿ ಸಂಜೆ ಮರಳಲಾಗದ ಸೇವೆ ವರ್ತಕನಿಗೆ ಅಷ್ಟಾಗಿ ಉಪಯೋಗವಿಲ್ಲ.

ಒಂದು ಎಚ್ಚರಿಕೆಯೂ ಅಗತ್ಯ. ಆದಾಯದ ಖಾತರಿಯು ಮೊತ್ತ ಹಾಗೂ ಅವಧಿಯ ಮಿತಿಯಿಲ್ಲದೆ ಮುಂದುವರಿದರೆ ಅದು ಕೊನೆಯಿಲ್ಲದ ಹೊರೆಯಾದೀತು. ಆದ್ದರಿಂದ ಹಣದ ಖಾತರಿಗಿಂತ ಪ್ರಯಾಣದ ಖಾತರಿಯೇ ಲೇಸು.

ಸದಸ್ಯರು ಮುಂದಿನ ಬಾರಿ ರಾತ್ರಿ ಬಸ್ಸಿನ ಟಿಕೆಟು ಕಾಯ್ದಿರಿಸುವ ಮುನ್ನ ತಮ್ಮೂರಿನ ವಿಮಾನದಲ್ಲಿ ಖಾಲಿ ಉಳಿಯುವ ಆಸನವನ್ನೂ ಒಮ್ಮೆ ನೆನೆಯಲಿ. ನಾವು ಬಳಸದ ಸೇವೆಯನ್ನು ಉಳಿಸಿಕೊಡಿರೆಂದು ಸರ್ಕಾರವನ್ನು ಕೇಳುವ ನೈತಿಕ ಬಲ ನಮಗಿರದು.