ಕೌದಿಯ ಬಟ್ಟೆಗೆ ಗಂಜಿ ಬೇಕೆ?

ಚನ್ನಗಿರಿ ತಾಲ್ಲೂಕಿನ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವ ಊರುಗಳಿಗೆ ಬಸಿಗಂಜಿ ಹೊಸದಲ್ಲ, ಹಳೆ ಸೀರೆ-ಪಂಚೆಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿಯೂ ಹೊಸದಲ್ಲ. ಬಸವಾಪಟ್ಟಣದಂಥ ಊರಲ್ಲಿ ಈಗ ಹೊಲಿಗೆ ಯಂತ್ರವಿರುವ ಮನೆಯವರು ಹೊಸ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಮಾಡಲು ಹೊರಟರೆ ಮೊದಲು ಏಳುವ ಪ್ರಶ್ನೆ ಗಂಜಿಯದೇ. ಅದರ ಬಗ್ಗೆ ಬಾಯಿಂದ ಬಾಯಿಗೆ ಬಂದ ಮಾತುಗಳಲ್ಲಿ ಕೆಲವು ಬಟ್ಟೆಯನ್ನೇ ಹಾಳುಮಾಡುವಂಥವು.

"ಗಂಜಿ ಹಾಕಿದ ಬಟ್ಟೆ ಹೆಚ್ಚು ವರ್ಷ ಬಾಳುತ್ತದೆ" ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಇದು ಹುಟ್ಟಿದ್ದು ಮಗ್ಗದಿಂದ ಇರಬೇಕು. ನೇಕಾರರು ಹಾಸಿನ ನೂಲಿಗೆ ಗಂಜಿ ಕೊಡುತ್ತಾರೆ, ನೇಯುವಾಗ ಉಜ್ಜಿ ಉಜ್ಜಿ ನೂಲು ಹರಿಯದಿರಲಿ ಎಂದು. ಆದರೆ ನೇಯ್ದಾದ ಮೇಲೆ ಆ ಕೆಲಸ ಮುಗಿಯಿತು. ಗಿರಣಿಗಳಲ್ಲಿ ಬಣ್ಣ ಹಾಕುವ ಮುನ್ನ ಅದೇ ಗಂಜಿಯನ್ನು ಕಿಣ್ವ ಬಳಸಿ ತೆಗೆದುಬಿಡುತ್ತಾರೆ. ಗಂಜಿ ಉಳಿದ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರೆ ಬಿರುಸಾದ ನೂಲು ಮಡಿಕೆಯ ಗೆರೆಯಲ್ಲೇ ಮುರಿಯುತ್ತದೆ. ಮೇಲಾಗಿ ಅದು ಪಿಷ್ಟ, ಅಂದರೆ ಆಹಾರ. ಜಿರಲೆಗೂ ಪುಸ್ತಕ ತಿನ್ನುವ ಬೆಳ್ಳಿಹುಳಕ್ಕೂ ಅದು ಇಷ್ಟ, ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುವುದೂ ಅದಕ್ಕೇ.

ಹಾಗಾದರೆ ಗಂಜಿ ಬೇಡವೇ ಬೇಡವೆ? ಕತ್ತರಿಸುವಾಗ ಬೇಕು. ಬಟ್ಟೆಯನ್ನು ಹಾಸಿನ ನೂಲಿನ ಗುಂಟ ಎಳೆದು ನೋಡಿ, ಹೆಚ್ಚೇನೂ ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಉದ್ದಕ್ಕೆ ಬರುತ್ತದೆ. ಚೌಕವನ್ನು ಓರೆಯಾಗಿ ಸೀಳಿ ತ್ರಿಕೋನ ಮಾಡಿದರೆ ಒಂದು ಅಂಚು ಈ ಓರೆಯಲ್ಲಿ ಬಂದೇ ಬರುತ್ತದೆ. ಯಂತ್ರದ ಪಾದದಡಿ ಆ ಅಂಚು ಎಳೆದುಕೊಂಡು ಸಾಲು ಸೊಟ್ಟಗಾಗುತ್ತದೆ. ಅಕ್ಕಿಯ ಪಿಷ್ಟದ ಕಣಗಳು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಉಬ್ಬಿ ಒಡೆದು ಅಂಟಾಗುತ್ತವೆ. ಒಣಗಿದಾಗ ಆ ಅಂಟು ಹಾಸೂ ಹೊಕ್ಕೂ ಕೂಡುವ ಕಡೆ ನೂಲುಗಳನ್ನು ಸರಿಯದಂತೆ ಹಿಡಿದಿಡುತ್ತದೆ. ತುಂಡು ಅಳತೆ ತಪ್ಪದೆ ಕೂರುವುದು ಇದರಿಂದ.

ಅದಕ್ಕಾಗಿ ಗಂಜಿಯನ್ನು ಕತ್ತರಿಸುವ ಮುನ್ನವೇ ಹಾಕಬೇಕು. ಕತ್ತರಿಸಿದ ತುಂಡನ್ನು ಗಂಜಿಯಲ್ಲಿ ಅದ್ದಿದರೆ ಅದರ ಆಕಾರವೇ ಕೆಡುತ್ತದೆ. ಮಂದವಾದಷ್ಟೂ ಒಳ್ಳೆಯದೆಂಬುದೂ ಸರಿಯಲ್ಲ. ಮಂದ ಗಂಜಿ ಒಳಗಿಳಿಯದೆ ಮೇಲೇ ಕೂತು ಬಿಳಿ ಪುಡಿಯಾಗಿ ಉದುರುತ್ತದೆ. ಬೇಯಿಸದೆ ತಣ್ಣೀರಲ್ಲಿ ಕದಡಿದ ಮೈದಾ ಕೂಡ ಹೀಗೆಯೇ. ತೆಳ್ಳಗೆ ಕಾಸಿ, ಬಟ್ಟೆಯಲ್ಲಿ ಸೋಸಿ, ಅದ್ದಿ ಹಿಂಡಿ, ನೆರಳಲ್ಲಿ ಒಣಗಿಸಿ, ಸ್ವಲ್ಪ ನೀರು ಚಿಮುಕಿಸಿ ಇಸ್ತ್ರಿ ಮಾಡಿ. ಉಪ್ಪು ಹಾಕಿ ಬೇಯಿಸಿದ ಅನ್ನದ ಗಂಜಿ ಬೇಡ, ಉಪ್ಪು ತೇವ ಎಳೆಯುತ್ತದೆ.

"ಅಂಗಡಿಯ ಬಟ್ಟೆ ಬಿರುಸಾಗೇ ಇದೆ, ಒಗೆಯುವುದು ಯಾಕೆ" ಎನ್ನುವವರೂ ಉಂಟು. ಇದು ನಿಜಕ್ಕೂ ದುಬಾರಿ ತಪ್ಪು. ನೇಯುವಾಗ ಬಿಗಿದು ಎಳೆದ ಹತ್ತಿಯ ನೂಲು ನೀರು ಕಂಡ ಕೂಡಲೇ ಸಡಿಲಗೊಂಡು ಕುಗ್ಗುತ್ತದೆ. ಗಂಜಿ ಆ ಕುಗ್ಗುವಿಕೆಯನ್ನು ತಡೆಯದು. ಹಲವು ಸಲ ಒಗೆದ ಹಳೆ ಸೀರೆಯ ಪಕ್ಕ ಒಗೆಯದ ಹೊಸ ತುಂಡು ಸೇರಿಸಿದರೆ ಮೊದಲ ಒಗೆತಕ್ಕೇ ಕೌದಿ ಸುಕ್ಕುಗಟ್ಟುತ್ತದೆ. ಮೊದಲು ಒಗೆತ, ಆಮೇಲೆ ಗಂಜಿ.

ಕೈಹೊಲಿಗೆಯ ಕೌದಿಯ ಲೆಕ್ಕವೇ ಬೇರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವಂತೆ ಹೊಲಿಯುತ್ತಾರೆ. ಹಾಸಿದ ಪದರದ ಮೇಲೇ ತುಂಡಿನ ಅಂಚು ಮಡಚಿ ಹೊಲಿದುಬಿಡುವುದರಿಂದ ಅದಕ್ಕೆ ಎಳೆದುಕೊಳ್ಳಲು ಅವಕಾಶವೇ ಇಲ್ಲ. ಅಲ್ಲಿ ಬೇಕಾದದ್ದು ಮೆತ್ತನೆಯ ಬಟ್ಟೆ. ಐದಾರು ಪದರಕ್ಕೆ ಗಂಜಿ ಹಾಕಿದರೆ ಸೂಜಿ ಇಳಿಯುವುದಿಲ್ಲ, ಬೆರಳು ನೋಯುತ್ತದೆ. ಒಗೆದು ಒಗೆದು ಮೆತ್ತಗಾದ ಹಳೆ ಬಟ್ಟೆಯನ್ನೇ ಕೌದಿಗೆ ಆರಿಸುವ ಹೆಣ್ಣುಮಕ್ಕಳ ತಿಳಿವಳಿಕೆ ದೊಡ್ಡದು, ಅದನ್ನು ಬಡತನದ ಅನಿವಾರ್ಯತೆ ಎಂದಷ್ಟೇ ನೋಡುವುದು ಅನ್ಯಾಯ. ಈಚೆಗೆ ಹಳೆ ಸೀರೆಗಳ ಗಂಟಿನಲ್ಲಿ ಪಾಲಿಯೆಸ್ಟರ್ ಹೆಚ್ಚು. ಅದರ ನೂಲು ನೀರನ್ನೇ ಹೀರದು, ಗಂಜಿ ಹಾಕಿ ಪ್ರಯೋಜನವಿಲ್ಲ. ಇಸ್ತ್ರಿ ತುಸು ಹೆಚ್ಚು ಕಾದರೆ ಕರಗಿಯೂ ಹೋಗುತ್ತದೆ.

ಹೊಲಿದು ಮುಗಿದ ಕೌದಿಯಿಂದ ಗಂಜಿ ಪೂರ್ತಿ ಹೋಗಬೇಕು. ಒಂದು ಜಾಲಾಟಕ್ಕೆ ಹೋಗುತ್ತದೆಂದು ಭಾವಿಸಬೇಡಿ. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಒಗೆದು, ಸೋಪು ಹೋಗುವವರೆಗೆ ಜಾಲಾಡಿ. ಕೊನೆಯ ಜಾಲಾಟದ ತಣ್ಣೀರನ್ನು ಲೋಟದಲ್ಲಿ ಹಿಡಿದು, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು ಎರಡು ಹನಿ ಬಿಡಿ. ನೀರು ಕಡುನೀಲಿಗೆ ತಿರುಗಿದರೆ ಗಂಜಿ ಇನ್ನೂ ಇದೆ, ಮತ್ತೆ ನೆನೆಸಿ. ಹನಿಯನ್ನು ಬಟ್ಟೆಯ ಮೇಲೆ ಮಾತ್ರ ಬಿಡಬೇಡಿ, ಕಲೆಯಾಗುತ್ತದೆ.