ಶಿಶುವಿನ ಬಟ್ಟಲಿಗೆ ಸಕ್ಕರೆ ಬೆರೆಸದ ಸೇಬು

ಮನೆಯಲ್ಲಿ ಮಗುವಿಗೆ ಆರು ತಿಂಗಳು ತುಂಬಿದೊಡನೆ ಹಿರಿಯರಲ್ಲಿ ಸಂಭ್ರಮವೂ ತಾಯಿಯಲ್ಲಿ ಆತಂಕವೂ ಒಟ್ಟಿಗೇ ಮೂಡುತ್ತವೆ. ಮೊದಲ ತುತ್ತು ಏನಾಗಿರಬೇಕು, ಎಷ್ಟು ಕೊಡಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಹಣ್ಣು ಎಂದಾಗ ಬಹುತೇಕರು ಮೊದಲು ನೆನೆಯುವುದು ಸೇಬನ್ನು. ಅದನ್ನು ಬೇಯಿಸಿ, ಕಿವುಚಿ, ಒಂದು ಚಮಚ ಸಕ್ಕರೆ ಸೇರಿಸಿ ತಿನ್ನಿಸುವುದು ಅನೇಕ ಮನೆಗಳ ರೂಢಿ. ಈ ಸಂಚಿಕೆಯಲ್ಲಿ ನಾವು ಸೇಬನ್ನು ಶಿಶುವಿಗೆ ಸಿದ್ಧಗೊಳಿಸುವ ಸರಿಯಾದ ಕ್ರಮವನ್ನೂ, ಆ ಒಂದು ಚಮಚ ಸಕ್ಕರೆ ಏಕೆ ಬೇಡವೆಂಬುದನ್ನೂ ವಿಚಾರಿಸೋಣ.

ಸೇಬು ತಾನೇ ಸಿಹಿಯಾದ ಹಣ್ಣು. ನೂರು ಗ್ರಾಂ ಸೇಬಿನಲ್ಲಿ ಸುಮಾರು 10 ಗ್ರಾಂ ಸಹಜ ಸಕ್ಕರೆ ಇರುತ್ತದೆ. ಅದು ಎರಡು ಚಹಾ ಚಮಚಗಳಷ್ಟು. ಇದಕ್ಕೆ ಮತ್ತೆ ಸಿಹಿ ಸೇರಿಸುವುದು ಮಗುವಿನ ಅಗತ್ಯಕ್ಕಾಗಿ ಅಲ್ಲ. ನಮ್ಮ ನಾಲಿಗೆಗೆ ರೂಢಿಯಾದ ರುಚಿಗಾಗಿ. ಶಿಶುವಿಗೆ ಸಿಹಿಯ ಕೊರತೆಯ ಅರಿವೇ ಇರುವುದಿಲ್ಲ. ಆದರೆ ಎಳೆಯ ವಯಸ್ಸಿನಲ್ಲಿ ಅತಿಯಾದ ಸಿಹಿಯನ್ನು ಉಂಡು ಬೆಳೆದ ನಾಲಿಗೆ, ಮುಂದೆ ಸೊಪ್ಪು, ಬೇಳೆ, ಗಂಜಿಗಳನ್ನು ನಿರಾಕರಿಸುವ ಸಾಧ್ಯತೆ ಹೆಚ್ಚು. ಎಳೆಯ ಹಲ್ಲುಗಳಿಗೂ ಸಕ್ಕರೆ ಹಾನಿಕರ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 6ರಿಂದ 23 ತಿಂಗಳ ಮಕ್ಕಳ ಪೂರಕ ಆಹಾರದ ಕುರಿತು ನೀಡಿದ ಮಾರ್ಗಸೂಚಿಯೂ ಸಕ್ಕರೆ ಹೆಚ್ಚಿರುವ ಆಹಾರವನ್ನು ದೂರವಿಡಬೇಕೆಂದು ಹೇಳುತ್ತದೆ.

ಸಕ್ಕರೆಯ ಬದಲು ಬೆಲ್ಲ ಹಾಕಿದರೆ ತೊಂದರೆಯಿಲ್ಲವೆಂದು ಕೆಲವರು ಭಾವಿಸುತ್ತಾರೆ. ಶಿಶುವಿನ ದೃಷ್ಟಿಯಿಂದ ಬೆಲ್ಲವೂ ಸೇರಿಸಿದ ಸಿಹಿಯೇ. ಜೇನುತುಪ್ಪದ ವಿಷಯ ಇನ್ನೂ ಗಂಭೀರ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ತಗುಲಿಸುವ ಸಂಪ್ರದಾಯ ನಮ್ಮಲ್ಲಿ ಉಂಟು. ಆದರೆ ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಾಣುಗಳು ಶಿಶುವಿನ ಕರುಳಿನಲ್ಲಿ ಬೆಳೆದು ವಿಷವನ್ನು ಉತ್ಪತ್ತಿ ಮಾಡಿ, ಸ್ನಾಯುಗಳನ್ನು ನಿಶ್ಚೇಷ್ಟಿತಗೊಳಿಸಬಲ್ಲವು. ಬೊಟುಲಿಸಂ ಎಂಬ ಈ ರೋಗ ಅಪರೂಪವಾದರೂ ಪ್ರಾಣಾಪಾಯಕಾರಿ. ಆದುದರಿಂದ ಒಂದು ವರ್ಷ ತುಂಬುವವರೆಗೆ ಜೇನು ಸರ್ವಥಾ ವರ್ಜ್ಯ. ಬೇಯಿಸಿದರೂ ಆ ಬೀಜಾಣುಗಳು ಸಾಯುವುದಿಲ್ಲ.

ಸಿದ್ಧಪಡಿಸುವ ಕ್ರಮ

ಕಾಶ್ಮೀರ, ಹಿಮಾಚಲಗಳ ಹೊಸ ಫಸಲು ನಮ್ಮ ಮಾರುಕಟ್ಟೆಗೆ ಆಗಸ್ಟ್‌ನಿಂದ ನವೆಂಬರ್‌ವರೆಗೆ ಹೇರಳವಾಗಿ ಬರುತ್ತದೆ. ಹುಳಿಯಿಲ್ಲದ, ಚೆನ್ನಾಗಿ ಮಾಗಿದ, ಕಲೆಯಿಲ್ಲದ ಎರಡು ಮಧ್ಯಮ ಗಾತ್ರದ ಸೇಬುಗಳನ್ನು ಆರಿಸಿಕೊಳ್ಳಿರಿ. ಹೊಳೆಯುವ ಹಣ್ಣಿಗೆ ಮೇಣದ ಲೇಪನವಿರಬಹುದು; ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಸಿಪ್ಪೆ ತೆಗೆಯಿರಿ. ನಡುವಿನ ಗಟ್ಟಿ ಭಾಗವನ್ನೂ ಬೀಜಗಳನ್ನೂ ಪೂರ್ತಿಯಾಗಿ ತೆಗೆದುಹಾಕಿರಿ. ತೆಳುವಾಗಿ ಹೆಚ್ಚಿ, ಅರ್ಧ ಲೋಟ ನೀರಿನೊಂದಿಗೆ ಪಾತ್ರೆಗೆ ಹಾಕಿ, ಮುಚ್ಚಳವಿಟ್ಟು ಸಣ್ಣ ಉರಿಯಲ್ಲಿ 10ರಿಂದ 15 ನಿಮಿಷ ಬೇಯಿಸಿರಿ. ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿದರೂ ಸರಿ. ಬೆರಳಿನಿಂದ ಒತ್ತಿದರೆ ತಾನಾಗಿ ಕರಗುವಂತಾದಾಗ ಇಳಿಸಿ, ಆರಿದ ಬಳಿಕ ಬೆಂದ ನೀರಿನೊಡನೆಯೇ ಕಿವುಚಿರಿ. ಉಪ್ಪು, ಸಕ್ಕರೆ, ನಿಂಬೆರಸ ಯಾವುದೂ ಬೇಡ. ಹೆಚ್ಚಿದ ಸೇಬು ಕಂದುಬಣ್ಣಕ್ಕೆ ತಿರುಗುವುದು ಗಾಳಿಯ ಸಂಪರ್ಕದಿಂದ, ಅದರಿಂದ ಹಾನಿಯಿಲ್ಲ.

ಆರು ತಿಂಗಳಿನವರಿಗೆ ಜಾಲರಿಯಲ್ಲಿ ಸೋಸಿ ನುಣ್ಣಗೆ ಕೊಡಬೇಕು. ಎಂಟು ತಿಂಗಳಾದಾಗ ಚಮಚದಿಂದ ಕಿವುಚಿದ ತರಿತರಿಯಾದ ಹಣ್ಣು ಸಾಕು. ಅದರಿಂದ ಅಗಿಯುವ ಅಭ್ಯಾಸ ಬೆಳೆಯುತ್ತದೆ. ಒಂದು ವರ್ಷದ ಹೊತ್ತಿಗೆ ಮೃದುವಾಗಿ ಬೆಂದ ಸಣ್ಣ ತುಂಡುಗಳನ್ನು ಮಗು ತಾನೇ ಎತ್ತಿಕೊಂಡು ತಿನ್ನಬಲ್ಲದು. ಹಸಿ ಸೇಬಿನ ಗಟ್ಟಿ ತುಂಡು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಿಸಬಹುದು; ಎಳೆಯ ಮಕ್ಕಳ ಕೈಗೆ ಅದನ್ನು ಕೊಡಬಾರದು.

ಮೊದಲ ದಿನ ಒಂದೆರಡು ಚಹಾ ಚಮಚ ಸಾಕು. ಎರಡು ಮೂರು ದಿನ ಬೇರೆ ಹೊಸ ಆಹಾರವನ್ನು ಕೊಡದೆ, ಚರ್ಮದಲ್ಲಿ ದದ್ದು, ವಾಂತಿ, ಭೇದಿಗಳಾಗುವುವೋ ಎಂದು ಗಮನಿಸಿರಿ. ಮಗು ಮುಖ ತಿರುಗಿಸಿದರೆ ಒತ್ತಾಯಿಸಬೇಡಿರಿ. ಮರುದಿನ ಮತ್ತೆ ಪ್ರಯತ್ನಿಸಿರಿ.

ತಯಾರಿಸಿದ್ದರಲ್ಲಿ ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ತೆಗೆದುಕೊಂಡು ತಿನ್ನಿಸಿರಿ. ಮಗುವಿನ ಎಂಜಲು ತಗುಲಿದ ಚಮಚ ಮುಳುಗಿದ ಆಹಾರವನ್ನು ಮತ್ತೆ ಕಾಯ್ದಿರಿಸಬಾರದು. ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಎರಡು ದಿನಗಳೊಳಗೆ ಮುಗಿಸಬೇಕು. ವಿದ್ಯುತ್ ಆಗಾಗ ಹೋಗುವ ಊರುಗಳಲ್ಲಿ ಅಂದಂದಿನದು ಅಂದಂದೇ ಮಾಡಿಕೊಳ್ಳುವುದೇ ಕ್ಷೇಮ.

ಸೇಬೊಂದೇ ಆಹಾರವಲ್ಲ

ಬೆಲೆ ಹೆಚ್ಚಿರುವ ಹಣ್ಣಿನಲ್ಲಿ ಸತ್ವವೂ ಹೆಚ್ಚಿರುತ್ತದೆ ಎಂಬ ಭಾವನೆಯನ್ನು ನಾವು ಬಿಡಬೇಕು. ಸೇಬಿನ ಬಹುಭಾಗ ನೀರು. ನೂರು ಗ್ರಾಂನಲ್ಲಿ ದೊರೆಯುವ ಶಕ್ತಿ 50-60 ಕ್ಯಾಲೊರಿಯಷ್ಟೇ, ಕಬ್ಬಿಣಾಂಶವಂತೂ ಅತ್ಯಲ್ಪ. ಆರು ತಿಂಗಳ ಬಳಿಕ ತಾಯಿಯ ಹಾಲಿನಿಂದ ಮಾತ್ರ ದೊರೆಯದ ಕಬ್ಬಿಣವೇ ಆ ಮಗುವಿಗೆ ಮುಖ್ಯವಾಗಿ ಬೇಕಾದದ್ದು. ಬಟ್ಟಲು ತುಂಬ ಸೇಬನ್ನೇ ತಿಂದ ಮಗುವಿಗೆ ಹೊಟ್ಟೆ ತುಂಬುತ್ತದೆ, ಆದರೆ ಊಟ ಸೇರುವುದಿಲ್ಲ. ಕ್ರಮೇಣ ರಕ್ತಹೀನತೆ ತಲೆದೋರಬಹುದು. ಆದುದರಿಂದ ರಾಗಿ ಗಂಜಿ, ಬೇಳೆ ಕಲಸಿದ ಮೃದು ಅನ್ನ, ನುಣ್ಣಗೆ ಬೇಯಿಸಿದ ಸೊಪ್ಪು ಇವು ಊಟದಲ್ಲಿರಲಿ. ಸೇಬು ಅವುಗಳ ಜೊತೆಗಿರುವ ಎರಡು ಮೂರು ಚಮಚದ ಹಣ್ಣಾಗಿರಲಿ. ಸೇಬು ದೊರೆಯದಿದ್ದರೆ ಚಿಂತೆಯೂ ಬೇಡ. ಹಿತ್ತಲಿನ ಬಾಳೆ, ಪಪ್ಪಾಯಿ, ಸಪೋಟಗಳನ್ನು ಬೇಯಿಸುವ ಶ್ರಮವಿಲ್ಲದೆಯೇ ಕಿವುಚಿ ಕೊಡಬಹುದು.

ಹಣ್ಣಿನ ರಸ ಹೆಚ್ಚು ಪುಷ್ಟಿಕರವೆಂಬ ನಂಬಿಕೆಯೂ ತಪ್ಪು. ರಸ ತೆಗೆದಾಗ ನಾರು ಉಳಿಯುವುದಿಲ್ಲ, ಸಿಹಿ ಮಾತ್ರ ಉಳಿಯುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಹಣ್ಣಿನ ರಸ ಬೇಡವೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು 2019ರಲ್ಲಿಯೇ ಸಲಹೆ ನೀಡಿದೆ. ಎದೆಹಾಲನ್ನು ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕು. ಭೇದಿಯಾದಾಗಲೂ ಅದನ್ನು ನಿಲ್ಲಿಸದೆ, ಓಆರ್‌ಎಸ್ ಕೊಟ್ಟು ವೈದ್ಯರನ್ನು ಕಾಣಬೇಕು. ಸೇಬು ಅದಕ್ಕೆ ಔಷಧವಲ್ಲ.

ಅಜ್ಜಿಯರು, ಅತ್ತೆಯರು ಮಮತೆಯಿಂದಲೇ ಸಕ್ಕರೆಯ ಡಬ್ಬಿಗೆ ಕೈಹಾಕುತ್ತಾರೆ. ಅವರನ್ನು ನೋಯಿಸದೆ, ಕಿವುಚಿದ ಸೇಬಿನ ಒಂದು ಚಮಚವನ್ನು ಮೊದಲು ಅವರಿಗೇ ಕೊಡಿರಿ. ಅದರ ಸಹಜ ಸಿಹಿಯನ್ನು ಸವಿದ ಮೇಲೆ ಆ ಡಬ್ಬಿಯನ್ನು ಅವರೇ ಪಕ್ಕಕ್ಕಿರಿಸಿಯಾರು.