ಹೆಮ್ಮರವನ್ನು ಉರುಳಿಸುವ ಕ್ರಮ

ಹಸಿ ಮರದ ತೂಕವನ್ನು ನೋಟದಿಂದ ಅಂದಾಜು ಮಾಡುವವರು ಸಾಮಾನ್ಯವಾಗಿ ಅದನ್ನು ಕಡಿಮೆಯಾಗಿಯೇ ಎಣಿಸುತ್ತಾರೆ. 1 ಮೀಟರ್ ಅಡ್ಡಳತೆಯ ಕಾಂಡದಿಂದ ಕೊಯ್ದ 10 ಮೀಟರ್ ಉದ್ದದ ದಿಮ್ಮಿಯ ಗಾತ್ರ ಸುಮಾರು 8 ಘನಮೀಟರ್ ಆಗುವುದರಿಂದ, ಹಲವು ಜಾತಿಗಳಲ್ಲಿ ಅದರ ಭಾರ ಏಳೆಂಟು ಟನ್‌ಗೆ ಮುಟ್ಟುತ್ತದೆ. ಇಷ್ಟು ಭಾರ ಒಮ್ಮೆ ವಾಲತೊಡಗಿದ ಮೇಲೆ ತಡೆಯುವುದು ಹೆಚ್ಚುಕಡಿಮೆ ಅಸಾಧ್ಯವಾದ ಕಾರಣ, ಅದು ಎತ್ತ ಬೀಳಬೇಕೆಂಬುದು ಗರಗಸ ತಾಗುವ ಮೊದಲೇ ನಿಶ್ಚಯವಾಗಿರಬೇಕಾಗುತ್ತದೆ.

ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಅಧಿನಿಯಮದಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಜಮೀನಿನ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅದು ದೊರೆತ ಬಳಿಕ ಮರದ ಪರೀಕ್ಷೆ ನಡೆಯುತ್ತದೆ. ಕಾಂಡ ಯಾವ ಕಡೆಗೆ ವಾಲಿದೆ, ಕೊಂಬೆಗಳ ಭಾರ ಎತ್ತ ಹೆಚ್ಚಿದೆ, ಬುಡದಲ್ಲಿ ಅಣಬೆ ಎದ್ದಿದೆಯೇ, ಕೊಡಲಿಯ ಹಿಂಬದಿಯಿಂದ ಬಡಿದಾಗ ಟೊಳ್ಳು ಸದ್ದು ಬರುತ್ತದೆಯೇ ಎಂಬುದನ್ನೆಲ್ಲ ಗಮನಿಸಬೇಕು. ಮಲೆನಾಡಿನಲ್ಲಿ ಪಕ್ಕದ ಮರಗಳನ್ನು ಬಿಗಿದು ಕಟ್ಟಿದ ಹಂಬುಗಳನ್ನೂ ನೆತ್ತಿಯ ಹೆಜ್ಜೇನನ್ನೂ ಈ ಪಟ್ಟಿಗೆ ಸೇರಿಸದಿದ್ದರೆ ಪರೀಕ್ಷೆ ಅಪೂರ್ಣವೆಂದೇ ಹೇಳಬೇಕು. ಮೇಲೆ ಸಿಕ್ಕಿಕೊಂಡಿರುವ ಒಣಕೊಂಬೆಯಂತೂ ಗರಗಸದ ನಡುಕಕ್ಕೇ ಕಳಚಿ, ಕೆಳಗೆ ಬಗ್ಗಿ ನಿಂತವನ ತಲೆಯ ಮೇಲೆ ಬೀಳಬಲ್ಲದು.

ಕೊಯ್ತದಲ್ಲಿ ಎರಡು ಹಂತಗಳಿವೆ. ಬೀಳಬೇಕಾದ ಕಡೆಯಲ್ಲಿ ಅಡ್ಡಳತೆಯ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದಷ್ಟು ಆಳಕ್ಕೆ ಬಾಯ್ದೆರೆದ ಕಚ್ಚನ್ನು ತೆಗೆದು, ಆಮೇಲೆ ಎದುರು ಬದಿಯಿಂದ, ಕಚ್ಚಿನ ತಳಕ್ಕಿಂತ ತುಸು ಮೇಲೆ, ಹಿಂಗೊಯ್ತವನ್ನು ಹಾಕಲಾಗುತ್ತದೆ. ಇವೆರಡೂ ಎಂದಿಗೂ ಕೂಡಬಾರದು. ನಡುವೆ ಅಡ್ಡಳತೆಯ ಸುಮಾರು ಹತ್ತನೆಯ ಒಂದು ಭಾಗದಷ್ಟು ದಪ್ಪದ ಮರವನ್ನು ಪಟ್ಟಿಯಂತೆ ಕೊಯ್ಯದೆ ಉಳಿಸಬೇಕು. ಬಾಗಿಲನ್ನು ತಿರುಗಿಸುವ ಕೀಲಿನಂತೆ ಈ ಪಟ್ಟಿಯೇ ಮರವನ್ನು ಗೊತ್ತಾದ ದಿಕ್ಕಿಗೆ ಬಾಗಿಸುತ್ತದೆ. ಕೆಲಸದ ಸುರಕ್ಷತೆ ಕೊಯ್ದ ಭಾಗಕ್ಕಿಂತ ಹೆಚ್ಚಾಗಿ ಈ ಕೊಯ್ಯದ ಭಾಗವನ್ನೇ ಅವಲಂಬಿಸಿದೆ. ಪಟ್ಟಿ ಒಂದು ಬದಿಯಲ್ಲಿ ತೆಳುವಾದರೆ ಮರ ದಪ್ಪ ಬದಿಯತ್ತ ಎಳೆಯಲ್ಪಡುತ್ತದೆ. ಪೂರ್ತಿ ಕೊಯ್ದುಹೋದರೆ ಅದರ ಮೇಲಿನ ಹಿಡಿತವೇ ತಪ್ಪುತ್ತದೆ. ಪೊಟರೆಯಾದ ಹಳೆಯ ಮರಗಳು ಅಪಾಯಕಾರಿಯಾಗುವುದು ಇಲ್ಲಿಯೇ, ಏಕೆಂದರೆ ಕೀಲಾಗಬೇಕಾದ ಜಾಗದಲ್ಲಿ ಗಟ್ಟಿ ಮರವೇ ಇರುವುದಿಲ್ಲ.

ಹಿಂಗೊಯ್ತ ಆಳವಾದಂತೆ ಅದರೊಳಗೆ ಬೆಣೆ ಬಡಿಯುವುದರಿಂದ ಗರಗಸದ ಅಲಗು ಸಿಕ್ಕಿಕೊಳ್ಳುವುದೂ ಮರ ಹಿಂದಕ್ಕೆ ಕೂರುವುದೂ ತಪ್ಪುತ್ತದೆ. ಮುಂದಕ್ಕೆ ತೀರ ವಾಲಿದ ಮರದ ಕಾಂಡ ಕೊಯ್ತ ಮುಗಿಯುವ ಮುನ್ನವೇ ಉದ್ದಕ್ಕೆ ಸೀಳಿ ಮೇಲಕ್ಕೆ ಚಿಮ್ಮುವ ಸಂಭವವಿರುವುದರಿಂದ ಅದು ನುರಿತವರ ಕೆಲಸ. ಮರ ಬೀಳುವಾಗ ಬುಡ ನೇರ ಹಿಂದಕ್ಕೆ ಒದೆಯಬಹುದಾದ್ದರಿಂದ, ಕೊಯ್ಯುವವರು ಓರೆಯಾಗಿ ಹಿಂದೆ ಸರಿಯುವ ಎರಡು ದಾರಿಗಳನ್ನು ಮೊದಲೇ ತೆರವುಗೊಳಿಸಿರಬೇಕು. ಉಳಿದವರು ಮರದ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು.

ಮನೆ, ವಿದ್ಯುತ್ ತಂತಿಗಳ ನಡುವೆ ಇಷ್ಟು ಬಯಲು ಸಿಗದ ಪೇಟೆಗಳಲ್ಲಿ, ತಂತಿಯ ವಿದ್ಯುತ್ತನ್ನು ಕಡಿತಗೊಳಿಸಿ, ಮರವನ್ನು ಮೇಲಿನಿಂದ ತುಂಡುತುಂಡಾಗಿ ಕೊಯ್ದು ಹಗ್ಗದಲ್ಲಿ ಅಥವಾ ಕ್ರೇನಿನಲ್ಲಿ ಇಳಿಸುವುದೇ ಯೋಗ್ಯ. ಬಯಲಲ್ಲಿ ಬಿದ್ದ ಮರವೂ ಕೂಡಲೇ ನಿರುಪದ್ರವಿಯಾಗುವುದಿಲ್ಲ. ಅಡಿಯಲ್ಲಿ ಬಾಗಿ ಸಿಕ್ಕಿದ ಕೊಂಬೆ ಕೊಯ್ದೊಡನೆ ಸಿಡಿಯುತ್ತದೆ, ಇಳಿಜಾರಿನಲ್ಲಿ ಊರೆಗೋಲಾಗಿದ್ದ ಕೊಂಬೆ ಕಳಚಿದರೆ ದಿಮ್ಮಿ ಉರುಳುತ್ತದೆ. ಆದುದರಿಂದ ಕೊಂಬೆ ಸವರುವವರು ಇಳಿಜಾರಿನ ಮೇಲುಬದಿಯಲ್ಲಿಯೇ ನಿಲ್ಲಬೇಕು.